ಅಕ್ಕನ ಹೊಲದಲ್ಲಿ ಫೋಟೋಗೆ ನಿಂತವನಿಗೆ

ಚನ್ನಗಿರಿ
೯ ನವೆಂಬರ್ ೨೦೨೫

ಪ್ರಿಯ ಶರಣು,

ನ್ಯಾಮತಿಯಲ್ಲಿ ನೀನು, ಅನ್ನಪೂರ್ಣ, ಮಕ್ಕಳು ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ದೀಪಾವಳಿಗೆ ನೀನು ಮಾಡಿದ ಫೋನಿಗೆ ಈಗ ಉತ್ತರಿಸುತ್ತಿದ್ದೇನೆ; ತಡವಾದದ್ದಕ್ಕೆ ಕ್ಷಮೆಯಿರಲಿ. ಬಸವಾಪಟ್ಟಣದ ಕಡೆ ತೋಟಗಳ ಅಳತೆಯ ಕೆಲಸವಿತ್ತು ಎಂಬುದು ಅರ್ಧ ಕಾರಣ. ಉಳಿದರ್ಧ, ಫೋನಿನಲ್ಲಾದರೆ ನನ್ನ ದನಿ ಏರುತ್ತಿತ್ತು.

ಕಳೆದ ವಾರ ಜಗಳೂರಿಗೆ ಹೋದವನು ಹಾಗೆಯೇ ನಮ್ಮೂರಿಗೂ ಹೋಗಿದ್ದೆ. ಮಳೆಗೆ ಸಿಕ್ಕಿ ತಿಪ್ಪಮ್ಮಕ್ಕನ ಈರುಳ್ಳಿ ಪೂರ್ತಿ ಕೊಳೆತಿದೆ. ಬದುವಿನ ಮೇಲೆ ನಿಂತರೇ ವಾಸನೆ. ಪಕ್ಕದ ಹೊಲದ ಜಯಪ್ಪನಿಗೆ ಸರ್ಕಾರದ ಬೆಳೆ ಪರಿಹಾರ ಬಂದಿದೆ, ಅಕ್ಕನಿಗೆ ಬಂದಿಲ್ಲ. ಏಕೆಂದು ಕೇಳಿದ್ದಕ್ಕೆ ಜಯಪ್ಪ ನನ್ನನ್ನು ಒಂದು ಕ್ಷಣ ನೋಡಿ, "ಬಂದೈತಲ್ಲ ಹಾಲೇಶಣ್ಣ. ಈರುಳ್ಳಿ ಇಲ್ಲಿ ಕೊಳೀತು, ದುಡ್ಡು ನ್ಯಾಮತಿಯಾಗೆ ಮೊಳೀತು" ಎಂದ. ಸುತ್ತ ಇದ್ದವರು ನಕ್ಕರು. ನಾನೂ ಅವರ ನಡುವೆ ನಿಂತಿದ್ದೆ.

ಆ ಹೊಲ ಯಾರದೆಂದು ನಿನಗೆ ನಾನು ವಿವರಿಸಬೇಕಾಗಿಲ್ಲ. ಅಕ್ಕನ ಅರಿಶಿಣ-ಕುಂಕುಮಕ್ಕೆಂದು ಅಪ್ಪ ಅದನ್ನು ಹಿರಿಯರ ಎದುರು ಎಲೆ-ಅಡಿಕೆ ಇಟ್ಟು ಕೊಟ್ಟರು. ಹೆಣ್ಣುಮಕ್ಕಳಿಗೆ ಹೀಗೆ ಕೊಟ್ಟ ಭೂಮಿಯನ್ನು ನಮ್ಮಲ್ಲಿ ಬರೆದುಕೊಡುವುದಿಲ್ಲ. ಬರೆಸಿಕೊಳ್ಳುವುದೇ ತವರಿನ ಮೇಲಿನ ಅಪನಂಬಿಕೆ ಎಂದು ತಿಳಿಯುವ ಜನ ನಾವು. ಪಾಲಾದಾಗ ಪಹಣಿಯಲ್ಲಿ ಯಾರದಾದರೂ ಹೆಸರು ಇರಬೇಕಿತ್ತು, ನಿನ್ನದು ಇತ್ತು. ಅಷ್ಟೇ. ಉತ್ತಿದ್ದು, ಬಿತ್ತಿದ್ದು ಅವಳು. ವರ್ಷವರ್ಷವೂ ರೈತರಿಗೆ ಬರುವ ಸಹಾಯಧನ ನಿನ್ನ ಖಾತೆಗೇ ಹೋಗುತ್ತಿದ್ದಾಗಲೂ, ಹೆಸರು ಅವನದಲ್ಲವೇ, ಹೋಗಲಿ ಎಂದು ಸುಮ್ಮನಿದ್ದಳು. ಆದರೆ ಇದು ಕೊಳೆತ ಬೆಳೆಗೆ ಬಂದ ಹಣ. ನೀನು ಬೆಳೆದದ್ದೇನು ಕೊಳೆಯಿತು?

ಪಹಣಿಯಲ್ಲಿ ಯಾರ ಹೆಸರಿದೆಯೋ ಅವರಿಗೇ ಹಣ, ನಿಯಮವೇ ಹಾಗೆ ಎಂದು ನೀನು ಹೇಳಬಹುದು. ಭೂಮಾಪಕನಾದ ನನಗೆ ಆ ನಿಯಮ ನಿನಗಿಂತ ಚೆನ್ನಾಗಿ ಗೊತ್ತು. ಉತ್ತವರು ಯಾರೆಂದು ಕೇಳದ ಆ ನಿಯಮದ ಮೇಲೂ ನನಗೆ ಸಿಟ್ಟಿದೆ. ಆದರೆ ನಿನ್ನನ್ನು ಬೈಕಿನ ಮೇಲೆ ಕೂರಿಸಿ ನ್ಯಾಮತಿಯಿಂದ ಕರೆತಂದದ್ದು ನಿಯಮವಲ್ಲ. ಬೆಳೆಹಾನಿ ನೋಡಲು ಬಂದ ಅಧಿಕಾರಿಯ ಎದುರು ಕೊಳೆತ ಗಡ್ಡೆ ಹಿಡಿದು ಫೋಟೋಗೆ ನಿಂತವನು ನೀನು. ಕೆಸರುಗೈಯಲ್ಲಿ ಪಕ್ಕಕ್ಕಿದ್ದ ಅಕ್ಕನನ್ನು ತೋರಿಸಿ ಈಕೆ ಯಾರೆಂದು ಅವರು ಕೇಳಿದಾಗ ನೀನು ಕೊಟ್ಟ ಉತ್ತರವನ್ನು ಜಯಪ್ಪ ಕಿವಿಯಾರೆ ಕೇಳಿದ್ದಾನೆ.

"ನಮ್ಮಾಳು ಸರ್. ಕಳೆ ತೆಗೆಯಾಕೆ ಬರ್ತಾಳೆ."

ಇದರ ಬಗ್ಗೆ ಬರೆದ ಮೂರು ವಾಕ್ಯಗಳನ್ನು ಹೊಡೆದುಹಾಕಿದ್ದೇನೆ.

ಹೊನ್ನಾಳಿಯವರೊಬ್ಬರು ಆ ಹೊಲವನ್ನು ಕೊಳ್ಳಲು ನಿನ್ನೊಡನೆ ಮಾತಾಡಿದ್ದಾರೆಂಬ ಸುದ್ದಿಯೂ ಊರಲ್ಲಿದೆ. ಅಕ್ಕನಿಗೆ ಇರುವುದು ಅದೊಂದೇ. ಆದ್ದರಿಂದ ಪರಿಹಾರದ ಹಣವನ್ನು ಅವಳಿಗೆ ಕೊಟ್ಟರೆ ಸಾಕು ಎಂದು ನಾನು ಬರೆಯಲಾರೆ. ೧೭ರ ಸೋಮವಾರ ಜಗಳೂರಿನ ನೋಂದಣಿ ಕಚೇರಿಗೆ ಬಾ. ಹೊಲವನ್ನು ಅವಳ ಹೆಸರಿಗೆ ದಾನಪತ್ರ ಮಾಡಿಕೊಡು. ನಕ್ಷೆ ಸಿದ್ಧವಾಗಿದೆ. ನೀನು ಬಾರದಿದ್ದರೆ, ಸಾಗುವಳಿ ಯಾರದೆಂದು ತಹಶೀಲ್ದಾರರ ಮುಂದೆ ನಿನ್ನ ವಿರುದ್ಧ ಹೇಳುವ ಮೊದಲ ಸಾಕ್ಷಿ ನಾನು. ಅಣ್ಣನಾಗಿ ಇದಕ್ಕಿಂತ ಹೆಚ್ಚಿನ ಸೌಜನ್ಯ ನನ್ನಲ್ಲಿ ಉಳಿದಿಲ್ಲ.

ಅನ್ನಪೂರ್ಣಳಿಗೂ ಮಕ್ಕಳಿಗೂ ನನ್ನ ಆಶೀರ್ವಾದ. ನಿನಗೂ ಒಳ್ಳೆಯದಾಗಲಿ, ಇದನ್ನು ಕಷ್ಟಪಟ್ಟು ಬರೆದಿದ್ದೇನೆ.

ನಿನ್ನ ಅಣ್ಣ,
ಹಾಲೇಶಪ್ಪ

ತಾ.ಕ.: ನಿನ್ನ ಮಾತು ಅಕ್ಕನಿಗೆ ಕೇಳಿಸಲಿಲ್ಲವೆಂದು ನೀನು ತಿಳಿದಿರಬಹುದು. ಕೇಳಿಸಿದೆ. ಹಾಗಾದರೆ ಸುಮ್ಮನೇಕೆ ನಿಂತಿದ್ದೆ ಎಂದು ನಾನು ಅವಳನ್ನು ಗದರಿದೆ. ಅವಳು ನಿಂತಿರಲಿಲ್ಲವಂತೆ. ಸೆರಗು ಸಿಕ್ಕಿಸಿಕೊಂಡು ಆ ಕೊಳೆತ ಸಾಲಿನಲ್ಲೇ ಕುಳಿತು, ಅಧಿಕಾರಿಯ ಜೀಪು ಹೊರಡುವವರೆಗೂ ಕಳೆ ಕಿತ್ತಳಂತೆ. "ಅಂಥೋರ ಮುಂದೆ ಹುಡುಗನ ಮಾತು ಸುಳ್ಳಾಗಬಾರ್ದಲ್ಲೋ" ಎಂದಳು.