ಮುರಿದ ಕಮಾನು ಪಟ್ಟಿ

ತಮ್ಮ ಇಮೇದಾ,

ನಿನ್ನೊಡನೆ ಕಣಿವೆಗೆ ಬಿದ್ದಿದ್ದ ಜೀಪು ರಿಪೇರಿಯಾಯಿತು. ಮೆಕ್ಯಾನಿಕ್ ಬಿಚಿಕೋ ಇವತ್ತು ಅದಕ್ಕೆ ಹೊಸ ಕಮಾನು ಪಟ್ಟಿಗಳನ್ನೂ ಕುಲುಕಾಟ ತಡೆಯುವ ಉದ್ದನೆಯ ಶಾಕ್‌ಗಳನ್ನೂ ಹಾಕಿದ.

"ಇನ್ಮೇಲೆ ಘಾಟಿ ಕಲ್ಲಿನ ಮೇಲೂ ತೊಟ್ಟಿಲು ತೂಗಿದ ಹಾಗೆ ಹೋಗುತ್ತೆ, ಅಣ್ಣಾ. ನಿದ್ದೆ ಮಾತ್ರ ಮಾಡ್ಬೇಡ."

ಹಳೆಯ ಪಟ್ಟಿಗಳನ್ನು ಅವನು ಅವಸರದಲ್ಲಿ ಗೋಣಿಗೆ ತುಂಬಿದ. ನಾನು ತೆಗೆದು ನೋಡಿದೆ. ಒಂದು ತುಂಡಾಗಿತ್ತು. ಮುರಿದ ಜಾಗದಲ್ಲಿ ಅರ್ಧ ಹೊಸದಾಗಿ ಹಿಡಿದ ತೆಳು ತುಕ್ಕು, ಇನ್ನರ್ಧ ಹಳೆಯ ಕಪ್ಪು ತುಕ್ಕು. ನೀನು ಬೀಳುವ ಮೊದಲೇ ಅದು ಬಿರುಕು ಬಿಟ್ಟಿತ್ತು.

"ಬಿದ್ದಾಗ ಮುರಿದಿದ್ದು ಅದು," ಎಂದ, ನಾನು ಕೇಳುವ ಮೊದಲೇ.

ಅದನ್ನು ಹೊಸದೆಂದು ನಿನಗೆ ಹಾಕಿಕೊಟ್ಟವನು ಅವನೇ. ನಮ್ಮ ತುಶೇತಿಯ ಬೆಟ್ಟಕ್ಕೆ ಹಂದಿಮಾಂಸ ಒಯ್ಯುವವರನ್ನು ದೇವರು ದಾರಿಯಲ್ಲೇ ಉರುಳಿಸುತ್ತಾನೆ ಎನ್ನುತ್ತಾರಲ್ಲ, ನಿನ್ನ ಜೀಪಿನಲ್ಲಿ ಅದಿತ್ತು ಎಂದು ಊರಲ್ಲಿ ಮೊದಲು ಹೇಳಿದವನೂ ಅವನೇ. ಆಮೇಲೆ, ದಾರಿಯಲ್ಲಿ ಸತ್ತ ಬೇರೆಲ್ಲರಿಗೂ ಮಾಡುವ ಹಾಗೆ, ನೀನು ಬಿದ್ದ ತಿರುವಿನಲ್ಲಿ ಗಾಡಿ ನಿಲ್ಲಿಸಿ ನಿನ್ನ ಹೆಸರಿಗೆ ಯಾರೂ ನೆಲಕ್ಕೆ ವೈನ್ ಸುರಿದಿಲ್ಲ. ನಮ್ಮ ಮನೆಯವರೂ ಸುರಿದಿಲ್ಲ.

ಮುರಿದ ಪಟ್ಟಿ ಈಗ ನನ್ನ ಹತ್ತಿರ ಇದೆ. ನಾಳೆ ಜೀಪಿನ ಪರೀಕ್ಷೆಗೆಂದು ಬಿಚಿಕೋನನ್ನು ಪಕ್ಕದಲ್ಲಿ ಕೂರಿಸಿಕೊಂಡು ಘಾಟಿ ಹತ್ತುತ್ತೇನೆ. ನಿನ್ನ ತಿರುವಿನಲ್ಲಿ ನಿಲ್ಲಿಸಿ, ಪಟ್ಟಿಯನ್ನು ಅವನ ಮಡಿಲಲ್ಲಿಟ್ಟು, ನಿನ್ನ ಹೆಸರಿಗೆ ಸುರಿಯಲು ವೈನ್ ಬಾಟಲಿಯನ್ನು ಮೊದಲು ಅವನ ಕೈಗೇ ಕೊಡುತ್ತೇನೆ.

ನಿನ್ನ ಅಣ್ಣ