ಕೂರಿಸುವ ಮರ್ಯಾದೆ ಸಾಕು, ಮೈದಾನದ ಬೀಗ ತೆಗೆಯಿರಿ

ಮೈದಾನದ ಬೀಗದ ಕೈ ಇಟ್ಟುಕೊಂಡಿರುವ ಮಾನ್ಯ ಅಧಿಕಾರಿಗಳೇ,

ನಂಜನಗೂಡಿನ ನಮ್ಮ ಬಡಾವಣೆಯ ಆಟದ ಮೈದಾನಕ್ಕೆ ಬೆಳಗಿನ ಹೊತ್ತು ತಾವು ಬೀಗ ಹಾಕಿಸಿದ್ದೀರಿ. ಓಟಗಾರರ ಅಭ್ಯಾಸಕ್ಕೆ ಮುದುಕರು ಅಡ್ಡ ಬರುತ್ತಾರೆ ಎಂಬುದು ತಾವು ಕೊಟ್ಟ ಕಾರಣ. ಆ ಓಟಗಾರರನ್ನು ನಾವಿನ್ನೂ ಕಂಡಿಲ್ಲ. ಬೀಗ ಬಿದ್ದ ಮೇಲೆ ಒಳಗೆ ಕಾಣುವುದು ಒಂದು ಜೊತೆ ಎಮ್ಮೆ. ಅವು ಗೋಡೆ ಕುಸಿದ ಕಡೆಯಿಂದ ಬರುತ್ತವೆ, ತಮ್ಮ ಅನುಮತಿ ಅವಕ್ಕೆ ಬೇಕಿಲ್ಲವೇನೋ. ನಮ್ಮತ್ತೆಗೆ ಮಾತ್ರ ಆ ಕುಸಿದ ಕಲ್ಲುಗಳನ್ನು ಹತ್ತಿ ದಾಟಲು ಬರುವುದಿಲ್ಲ.

ತಮ್ಮನ್ನು ಚೆನ್ನಾಗಿ ಬೈಯಬೇಕೆಂದೇ ಬರೆಯಲು ಕೂತೆ. ಆದರೆ ನನಗೆ ನಾಲಿಗೆ ಏಳುತ್ತಿಲ್ಲ. ಯಾಕೆಂದು ಹೇಳುತ್ತೇನೆ.

ನಮ್ಮತ್ತೆ ರಾಚಮ್ಮ ಮೂಗೂರಿನವರು. ಹೊಲ, ಬಾವಿ, ಕೊಟ್ಟಿಗೆ ಎಂದು ಒಂದು ಕಡೆ ನಿಂತವರಲ್ಲ. ಮಾವ ತೀರಿಕೊಂಡ ಮೇಲೆ, ತೊಂಬತ್ತೇಳರಲ್ಲಿ, ನಾನೂ ನನ್ನ ಯಜಮಾನರೂ ಅವರನ್ನು ಇಲ್ಲಿಗೆ ಕರೆತಂದೆವು. ಬಂದ ವಾರವೇ ಅವರ ಕೈಯಿಂದ ಪೊರಕೆ ಕಿತ್ತುಕೊಂಡೆ. ಸೊಸೆ ಮನೆಯಲ್ಲಿದ್ದೂ ಅತ್ತೆ ಬಿಂದಿಗೆ ಎತ್ತಿದರೆ ನಮ್ಮ ಕಡೆ ಬೀದಿಯವರು ಸುಮ್ಮನಿರುತ್ತಾರೆಯೇ? ಜಗಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದೆ. ಕಾಫಿ ಅಲ್ಲಿಗೇ, ಊಟವೂ ಅಲ್ಲಿಗೇ. ಸೊಸೆ ಅಂದರೆ ಹೀಗಿರಬೇಕು ಎಂದು ಎದುರು ಮನೆಯ ಜವರಮ್ಮ ಹೊಗಳಿದಾಗ ಹಿಗ್ಗಿ ಹೀರೇಕಾಯಿಯಾದೆ.

ಪಕ್ಕದ ಬೀದಿಯಲ್ಲಿ ಅತ್ತೆಯ ತಂಗಿ ಪುಟ್ಟಗೌರಮ್ಮನ ಮನೆ. ಎಲೆ ಅಡಿಕೆ ಹಾಕಿಕೊಳ್ಳಲು ಅಲ್ಲಿಗೆ ಹೋಗುವಾಗ ಅತ್ತೆ ತರಕಾರಿ ಗಾಡಿ ಕಂಡಲ್ಲೆಲ್ಲ ನಿಂತು ಬೆಲೆ ಕೇಳುತ್ತಿದ್ದರು, ಏನನ್ನೂ ಕೊಳ್ಳುತ್ತಿರಲಿಲ್ಲ. ಜಿಪುಣಿ ಎಂದು ರೇಗಿಸುತ್ತಿದ್ದೆವು. ಮೀನಖಂಡ ಹಿಡಿದುಕೊಂಡು ಹೆಜ್ಜೆ ಎತ್ತಲಾಗದೆ ನಿಲ್ಲುತ್ತಿದ್ದರು ಎಂಬುದು ಕಳೆದ ವರ್ಷ, ಎರಡು ಸಾವಿರದ ಮೂರರಲ್ಲಿ, ಮೈಸೂರಿನ ಡಾಕ್ಟರು ಹೇಳಿದ ಮೇಲೆ ತಿಳಿಯಿತು. ಕಾಲಿಗೆ ರಕ್ತ ಒಯ್ಯುವ ನಾಳ ಕಿರಿದಾಗಿದೆಯಂತೆ. ವಯಸ್ಸು, ಬಿಪಿ ಎಲ್ಲ ಸೇರಿದೆ, ಕೂತು ಕೂತು ಇನ್ನೂ ಹದಗೆಟ್ಟಿದೆ ಎಂದರು. ಮಾತ್ರೆ ಬರೆದುಕೊಟ್ಟು, ನಡಿಗೆಯೂ ಅಷ್ಟೇ ಮುಖ್ಯ, ನೋವು ಬರುವವರೆಗೆ ನಡೆದು, ಕೂತು ಸುಧಾರಿಸಿಕೊಂಡು, ಮತ್ತೆ ನಡೆಯಬೇಕು ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ ಆಡಿದ್ದು ಒಂದೇ ಮಾತು.

"ನಿಂಗೆ ಒಳ್ಳೆ ಎಸ್ರು ಬರ್ಲಿ ಅಂತ ಕುಂತಿದ್ದೆ ಕಣಮ್ಮಿ."

ನಾನು ಕಿಟಕಿ ಕಡೆ ಮುಖ ತಿರುಗಿಸಿದೆ.

ಆ ಮೈದಾನದಲ್ಲಿ ನೆಲ ಸಮ, ಗೋಡೆಯುದ್ದಕ್ಕೂ ಕಲ್ಲುಬೆಂಚು. ಅತ್ತೆ ದಿನಾ ನಡೆದರು, ಕೂತರು, ಎದ್ದು ಮತ್ತೆ ನಡೆದರು. ಕೆಲವು ತಿಂಗಳಲ್ಲೇ ಎಲ್ಲೂ ನಿಲ್ಲದೆ ತಂಗಿಯ ಮನೆ ಮುಟ್ಟಿದರು. ಅಷ್ಟರಲ್ಲಿ ತಮ್ಮ ಬೀಗ ಬಿತ್ತು. ಅತ್ತೆಯನ್ನು ಕರೆದುಕೊಂಡೇ ತಮ್ಮ ಕಚೇರಿಗೆ ಬಂದೆ. ತಾವು ಬಹಳ ಮೃದುವಾಗಿ ಹೇಳಿದಿರಿ: "ಈ ವಯಸ್ಸಲ್ಲಿ ಯಾಕಮ್ಮ ಅವರನ್ನ ಓಡಾಡಿಸ್ತೀರಿ? ಮನೇಲಿ ಕೂರಿಸಿ ಚೆನ್ನಾಗಿ ನೋಡ್ಕೊಳ್ಳಿ."

ಅಲ್ಲಿದ್ದವರೆಲ್ಲ ತಲೆಯಾಡಿಸಿದರು. ಸ್ವಾಮಿ, ನಾನೂ ಆಡಿಸಿದೆ. ಎಲ್ಲ ಗೊತ್ತಿದ್ದೂ ಆಡಿಸಿದೆ. ಅತ್ತೆಯನ್ನು ಬೀದಿಗೆ ಅಟ್ಟುವ ಸೊಸೆ ಎಂದುಕೊಂಡಾರು ಎಂಬ ಭಯ. ಪಕ್ಕದಲ್ಲೇ ನಿಂತಿದ್ದ ಅತ್ತೆ ನನ್ನನ್ನೊಮ್ಮೆ ನೋಡಿ ಮೆಟ್ಟಿಲಿಳಿದರು. ಬೀದಿಯಲ್ಲಿ ನಡೆಯೋಣವೆಂದರೆ ಲಾರಿಗಳ ಕಾಟ, ಕೂರಲು ಜಾಗವಿಲ್ಲ. ಪುಟ್ಟಗೌರಮ್ಮನ ಮನೆ ಅವರಿಗೆ ಮತ್ತೆ ದೂರವಾಗಿದೆ. ಇದರಲ್ಲಿ ತಮ್ಮ ಪಾಲೆಷ್ಟು, ನನ್ನ ಪಾಲೆಷ್ಟು ಎಂದು ಅಳೆಯಲು ನನಗೆ ಧೈರ್ಯವಿಲ್ಲ.

ಬೆಳಗಾಗುತ್ತಲೇ ಗೇಟು ತೆಗೆಸಿ, ಬಿಸಿಲೇರುವವರೆಗೆ ತೆರೆದಿಡಿ. ಓಟಗಾರರು ಬಂದರೆ ನಮ್ಮ ಮುದುಕರು ಪಕ್ಕಕ್ಕೆ ಸರಿಯಬಲ್ಲರು. ಗೇಟು ತೆಗೆಯುವವರೆಗೆ ಅತ್ತೆಯೂ ನಾನೂ ದಿನಾ ತಮ್ಮ ಕಚೇರಿಯ ವರಾಂಡದಲ್ಲೇ ನಡೆಯುತ್ತೇವೆ. ಅಲ್ಲಿ ನೆರಳಿದೆ, ಜನ ಕಾಯಲೆಂದು ಬೆಂಚುಗಳೂ ಇವೆ. ದಯವಿಟ್ಟು ಅತ್ತೆಗೆಂದು ಒಳಗಿನಿಂದ ಕುರ್ಚಿ ತರಿಸಬೇಡಿ. ತರಿಸಿದರೆ ಎಲ್ಲರೆದುರು ನಾನೇ ಎತ್ತಿ ಆಚೆಗಿಡುತ್ತೇನೆ, ನೋಡಿದವರು ಏನಾದರೂ ಅಂದುಕೊಳ್ಳಲಿ.

ಇಂತಿ,
ಅತ್ತೆಯ ಕಾಲು ತೆತ್ತು ಒಳ್ಳೆಯ ಸೊಸೆ ಅನ್ನಿಸಿಕೊಂಡ
ಹೇಮಲತಾ