ಮುಳ್ಳು ಕೀಳುವವನ ಪಕ್ಕ ಕೂತು

ಇಲ್ಲ ಅಕ್ಕ, ನೀನು ಅನ್ನುವ ಹಾಗೆ ಎಲ್ಲವನ್ನೂ ಅರ್ಧಕ್ಕೇ ಬಿಡುವವನು ನಾನಲ್ಲ. ನಿನ್ನೆ ಮಾತ್ರ ಈ ಕಾಲ್ನಡಿಗೆ ಯಾತ್ರೆ ಸಾಕೆಂದು ಬಸ್ ಹತ್ತಿ ಮನೆಗೆ ಬಂದುಬಿಡೋಣ ಅನ್ನಿಸಿತ್ತು. ಹಿಮ್ಮಡಿಯಲ್ಲಿ ಬೊಬ್ಬೆ ಎದ್ದು, ಕುಂಟುತ್ತಾ ಈ ಹಳ್ಳಿ ಸೇರಿದೆ. ಚರ್ಚಿನ ಬೀಗದ ಕೈ ಇಟ್ಟುಕೊಂಡಿರುವ ಲಿಯೊಂತಿನ್ ಅಜ್ಜಿ ಬೊಬ್ಬೆಗೆ ಸೂಜಿದಾರ ಹಾಯಿಸಿ ನೀರು ತೆಗೆದರು, ಸೂಪು ಕುಡಿಸಿ ಮಲಗಿಸಿದರು. ಬೆಳಿಗ್ಗೆ ಚರ್ಚಿನ ಕಂಬದಲ್ಲಿ ಕೆತ್ತಿರುವ ದಾರಿಹೋಕನೊಬ್ಬನನ್ನು ತೋರಿಸಿದರು. ಅವನು ಕಾಲಿನ ಮುಳ್ಳು ಕೀಳುತ್ತಾ ಕೂತಿದ್ದಾನೆ.

“ಎಂಟುನೂರು ವರ್ಷದಿಂದ ಕೂತವ್ನೆ, ಇನ್ನೂ ಮುಳ್ಳು ಬಂದಿಲ್ಲ. ನೀನೂ ಪಕ್ಕದಲ್ಲಿ ಕೂತ್ಕೋತೀಯೇನೋ ಮರಿ? ಇಲ್ಲಾಂದ್ರೆ ಎದ್ದು ನಡಿ. ಹೋಗೋವಾಗ ಬಾಗ್ಲು ಹಾಕು, ಹಕ್ಕಿ ನುಗ್ಗಿ ಗೂಡು ಕಟ್ತವೆ!”

ನೀನು ಬೈದು ಬ್ಯಾಗಿಗೆ ತುರುಕಿದ ಉಣ್ಣೆಯ ಕಾಲುಚೀಲ ಈಗ ಹಾಕಿಕೊಂಡೆ. ನಿನ್ನ ಹೊಟ್ಟೆ ತಣ್ಣಗಿರಲಿ, ನೋವು ಅರ್ಧ ಇಳಿದಿದೆ. ಯಾತ್ರೆ ಮುಗಿಯುವ ಕೊಂಕ್ ಊರಿಗೆ ಇನ್ನು ನಾಲ್ಕೇ ದಿನದ ನಡಿಗೆ. ಮುಳ್ಳಿನವನು ಕೂತೇ ಇರಲಿ. ಬಾಗಿಲು ಭದ್ರವಾಗಿ ಹಾಕಿಕೊಂಡು ಹೊರಟೆ. ಇಂತಿ, ನಿನ್ನ ತಮ್ಮ ಬಾಸ್ತಿಯಾಂ.